ಪದ ಪರಿಚಯ: ಜೀನ್ ಲೋಪ

ಹೈಸ್ಕೂಲಿನ ಲೋಪಸಂಧಿ ನೆನಪಿದೆಯೇ? ಊರು + ಅಲ್ಲಿ = ಊರಲ್ಲಿ. 'ಉ' ಬಿದ್ದುಹೋದರೂ ಅರ್ಥ ಕೆಡುವುದಿಲ್ಲ. ಫಾಲ್ಸಿಪೇರಂ ಮಲೇರಿಯಾದ ಪರೋಪಜೀವಿಯಲ್ಲಿ ಆಗುವ ಜೀನ್ ಲೋಪವೂ ಇಂಥದ್ದೇ. 8ನೇ ಕ್ರೋಮೋಸೋಮಿನ ತುದಿಯ ಬಳಿಯ ಎಚ್‌ಆರ್‌ಪಿ2 ಜೀನ್ ಬಿದ್ದುಹೋಗುತ್ತದೆ. ಪರೋಪಜೀವಿ ಆರಾಮಾಗಿ ಬದುಕುತ್ತದೆ, ಜ್ವರವನ್ನೂ ಬರಿಸುತ್ತದೆ. ಪೇಚಿಗೆ ಸಿಕ್ಕುವುದು ನಮ್ಮ ಮಲೇರಿಯಾ ಪರೀಕ್ಷೆಯ ಕಿಟ್.

ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ಕಿಟ್ ಹುಡುಕುವುದು ಪರೋಪಜೀವಿಯನ್ನಲ್ಲ, ಅದು ರಕ್ತಕ್ಕೆ ಬಿಡುವ ಪ್ರೋಟೀನನ್ನು: ಫಾಲ್ಸಿಪೇರಂಗೆ ಎಚ್‌ಆರ್‌ಪಿ2, ಮಲೇರಿಯಾದ ಇನ್ನೊಂದು ಬಗೆಯಾದ ವೈವ್ಯಾಕ್ಸ್‌ಗೆ ಎಲ್‌ಡಿಎಚ್. ಜೀನ್ ಇಲ್ಲವೆಂದರೆ ಪ್ರೋಟೀನ್ ಇಲ್ಲ, ಫಾಲ್ಸಿಪೇರಂ ಇದೆಯೆಂದು ತೋರಿಸುವ ಪಿಎಫ್ ಗೆರೆಯೂ ಇಲ್ಲ. ಸಿ (ಕಂಟ್ರೋಲ್) ಗೆರೆ ಮಾತ್ರ ಎಂದಿನಂತೆ ಮೂಡುತ್ತದೆ. ಅದು ದ್ರವ ಸರಿಯಾಗಿ ಹರಿಯಿತು ಎಂಬುದಕ್ಕಷ್ಟೇ ಸಾಕ್ಷಿ.

ಇಲ್ಲೊಂದು ಸೂಕ್ಷ್ಮವಿದೆ. 13ನೇ ಕ್ರೋಮೋಸೋಮಿನಲ್ಲಿ ಎಚ್‌ಆರ್‌ಪಿ3 ಎಂಬ ತಮ್ಮನಿದ್ದಾನೆ, ರೂಪದಲ್ಲಿ ಅಣ್ಣನ ಹಾಗೇ. ರಕ್ತದಲ್ಲಿ ಪರೋಪಜೀವಿ ಹೇರಳವಾಗಿದ್ದರೆ ತಮ್ಮನಿಂದಲೇ ತೆಳುಗೆರೆ ಬರಬಹುದು. ಇಬ್ಬರೂ ಇಲ್ಲದಾಗ ಕಿಟ್ ಪೂರ್ತಿ ಕುರುಡು. ಪಿಎಫ್/ಪ್ಯಾನ್ ಕಿಟ್ ಆದರೆ ಎಡವಟ್ಟು ಇನ್ನೊಂದು ಥರ: ಯಾವುದೇ ಬಗೆಯ ಮಲೇರಿಯಾಕ್ಕೂ ಮೂಡುವ ಪ್ಯಾನ್ ಗೆರೆಯೊಂದೇ ಬಂದು, ವೈವ್ಯಾಕ್ಸ್ ಅಂದುಕೊಂಡು ಕ್ಲೋರೋಕ್ವಿನ್ ಕೊಟ್ಟುಬಿಡುತ್ತಾರೆ. ಫಾಲ್ಸಿಪೇರಂಗೆ ಬೇಕಾದ್ದು ಎಸಿಟಿ, ಅಂದರೆ ಆರ್ಟಿಮಿಸಿನಿನ್ ಸೇರಿದ ಜೋಡಿ ಔಷಧ.

ಈ ಜೀನ್ ಲೋಪ ಮೊದಲು ವರದಿಯಾದದ್ದು 2010ರಲ್ಲಿ, ಪೆರು ದೇಶದ ಅಮೆಜಾನ್ ಪ್ರದೇಶದಿಂದ. ಎರಿಟ್ರಿಯಾ 2016ರಲ್ಲಿ ಕಿಟ್ಟನ್ನೇ ಬದಲಿಸಿತು. ಲೋಪದಿಂದ ತಪ್ಪಿಹೋಗುವ ಪ್ರಕರಣಗಳು ಶೇ. 5 ದಾಟಿದರೆ ಎಚ್‌ಆರ್‌ಪಿ2 ಒಂದನ್ನೇ ನಂಬಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗೆಂದು ಪಾವಗಡದಲ್ಲೋ ನರಸಾಪುರದಲ್ಲೋ ಕಿಟ್ ನೆಗೆಟಿವ್ ಬಂದ ಕೂಡಲೇ ಜೀನ್ ಮೇಲೆ ಗೂಬೆ ಕೂರಿಸಬೇಡಿ. ವೈವ್ಯಾಕ್ಸ್‌ಗೂ ಈ ಲೋಪಕ್ಕೂ ಸಂಬಂಧವೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬೆಂದ ಕಿಟ್, ಮೊದಲೇ ಒಡೆದಿಟ್ಟು ತೇವ ಹೀರಿದ ಪೊಟ್ಟಣ, 5 ಮೈಕ್ರೋಲೀಟರ್‌ಗಿಂತ ಕಡಿಮೆ ರಕ್ತ, ಪೊಟ್ಟಣದ ಮೇಲೆ 15–20 ನಿಮಿಷ ಎಂದಿದ್ದರೂ ಐದೇ ನಿಮಿಷಕ್ಕೆ ಓದುವ ಅವಸರ, ಇವೇ ಹೆಚ್ಚು. ಒಂದು ಮೈಕ್ರೋಲೀಟರ್‌ನಲ್ಲಿ 100–200 ಪರೋಪಜೀವಿಗಿಂತ ಕಡಿಮೆ ಇದ್ದರೆ ಒಳ್ಳೆಯ ಕಿಟ್ಟೂ ತಪ್ಪಬಹುದು. ಇದಕ್ಕೆ ತದ್ವಿರುದ್ಧವೂ ಉಂಟು: ವಾಸಿಯಾದ ಮೇಲೂ ಎಚ್‌ಆರ್‌ಪಿ2 ವಾರಗಟ್ಟಲೆ ರಕ್ತದಲ್ಲಿ ಉಳಿದು ಪಾಸಿಟಿವ್ ತೋರಿಸುತ್ತದೆ.

ಜ್ವರ ಬಿಡದಿದ್ದರೆ ರಕ್ತಲೇಪನವೇ (ಗಾಜಿನ ಸ್ಲೈಡಿಗೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಗತಿ. ರೋಗಿ ಫಾಲ್ಸಿಪೇರಂ ಹೆಚ್ಚಿರುವ ಒಡಿಶಾ, ಛತ್ತೀಸಗಢದ ಕಡೆಯಿಂದ ಕೆಲಸಕ್ಕೆ ಬಂದವರಾದರೆ ಕಾಯುವುದೇ ಬೇಡ. ದಪ್ಪ ಲೇಪನಕ್ಕೆ ಜೆಎಸ್‌ಬಿ ಎಂಬ ಬಣ್ಣ ಕೊಟ್ಟು, ಎಣ್ಣೆ ಹನಿಯ 100 ಪಟ್ಟಿನ ಲೆನ್ಸಿನಲ್ಲಿ ಕನಿಷ್ಠ 100 ಫೀಲ್ಡ್ (ಲೆನ್ಸಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ) ನೋಡಬೇಕು. ಸ್ಲೈಡಿನಲ್ಲಿ ಫಾಲ್ಸಿಪೇರಂ ಕಂಡು ಕಿಟ್ ಸುಮ್ಮನಿದ್ದರೆ ಬೇರೆ ಬ್ಯಾಚಿನ ಕಿಟ್ಟಿನಲ್ಲಿ ಮತ್ತೊಮ್ಮೆ ಮಾಡಿ. ಅದೂ ನೆಗೆಟಿವ್ ಆದರೆ ಫಿಲ್ಟರ್ ಪೇಪರಿನ ಮೇಲೆ ರಕ್ತದ ಹನಿ ಬಿಟ್ಟು, ನೆರಳಲ್ಲಿ ಒಣಗಿಸಿ, ಸಿಲಿಕಾ ಜೆಲ್ ಜೊತೆ ಜಿಪ್ ಕವರಿನಲ್ಲಿ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿ ಪರೋಪಜೀವಿಯ ಉಳಿದ ಜೀನ್‌ಗಳು ಸಿಕ್ಕು ಎಚ್‌ಆರ್‌ಪಿ2 ಮಾತ್ರ ಸಿಗದಿದ್ದರೆ ಅದು ಲೋಪ. ಯಾವುದೂ ಸಿಗದಿದ್ದರೆ ಲೋಪವೆಂದು ಬರೆಯುವಂತಿಲ್ಲ. ಆ ಹನಿಯಲ್ಲಿ ಡಿಎನ್‌ಎ ಸಾಲದೆ ಹೋಗಿರಬಹುದು.