ಹತ್ತರಲ್ಲಿ ಎಂಟು ಜನ ಒಪ್ಪಿದರೂ ಅಮೆರಿಕದ ಬಂದೂಕು ಕಾನೂನು ಏಕೆ ಬಿಗಿಯಾಗುವುದಿಲ್ಲ?

ಓದುಗರ ಪ್ರಶ್ನೆ: ಅಮೆರಿಕದ ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆದಾಗಲೆಲ್ಲ, ಬಂದೂಕು ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮ ಬೇಕೆಂದು ಅಲ್ಲಿನ ಬಹುಪಾಲು ಜನ ಬಯಸುತ್ತಾರೆ ಎಂಬ ಸಮೀಕ್ಷೆಗಳನ್ನು ಓದುತ್ತೇವೆ. ಪ್ರಜಾಪ್ರಭುತ್ವದಲ್ಲಿ ಇಷ್ಟು ದೊಡ್ಡ ಬಹುಮತವಿದ್ದೂ ಕಾನೂನು ಬದಲಾಗದಿರಲು ಕಾರಣವೇನು?

ಉತ್ತರ: ಆ ಸಮೀಕ್ಷೆಗಳು ಸುಳ್ಳಲ್ಲ. ಖಾಸಗಿ ವ್ಯಕ್ತಿಗಳು ಬಂದೂಕು ಮಾರುವಾಗಲೂ ಕೊಳ್ಳುವವರ ಹಿನ್ನೆಲೆ ಪರಿಶೀಲನೆ ಆಗಬೇಕೆಂದು ಪ್ಯೂ ಸಂಶೋಧನಾ ಸಂಸ್ಥೆಯ 2021ರ ಸಮೀಕ್ಷೆಯಲ್ಲಿ ಶೇ 81ರಷ್ಟು ಜನ ಹೇಳಿದ್ದರು. ಆದರೆ ಬಂದೂಕು ಇಟ್ಟುಕೊಳ್ಳುವುದರಿಂದ ಸಮಾಜದ ಸುರಕ್ಷತೆ ಹೆಚ್ಚುತ್ತದೆಯೋ ಕುಗ್ಗುತ್ತದೆಯೋ ಎಂದು ಅದೇ ಸಂಸ್ಥೆ 2023ರಲ್ಲಿ ಕೇಳಿದಾಗ ಶೇ 49ರಷ್ಟು ಜನ ಹೆಚ್ಚುತ್ತದೆ ಎಂದರು, ಶೇ 49ರಷ್ಟು ಜನ ಕುಗ್ಗುತ್ತದೆ ಎಂದರು. ಅಲ್ಲಿನ ವಯಸ್ಕರಲ್ಲಿ ಸುಮಾರು ಮೂರನೇ ಒಂದು ಭಾಗದವರ ಬಳಿ ಬಂದೂಕಿದೆ, ಅವರಲ್ಲಿ ಶೇ 72ರಷ್ಟು ಮಂದಿ ಆತ್ಮರಕ್ಷಣೆ ಅದಕ್ಕೊಂದು ಮುಖ್ಯ ಕಾರಣವೆನ್ನುತ್ತಾರೆ. ಕೈಬಂದೂಕುಗಳನ್ನು ಸಾಮಾನ್ಯರಿಗೆ ನಿಷೇಧಿಸಬೇಕೆಂದು 1959ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 60ರಷ್ಟು ಜನ ಹೇಳಿದ್ದರು; ಈಚಿನ ವರ್ಷಗಳಲ್ಲಿ ಹಾಗೆ ಹೇಳುವವರು ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಆದ್ದರಿಂದ ಅಲ್ಲಿನ ಬಹುಮತ ಕೇಳುತ್ತಿರುವುದು ಬಂದೂಕು ಅಪಾತ್ರರ ಕೈಗೆ ಹೋಗಬಾರದು ಎಂಬುದನ್ನೇ ಹೊರತು ಬಂದೂಕುಗಳು ಕಡಿಮೆಯಾಗಬೇಕು ಎಂಬುದನ್ನಲ್ಲ. ದೂರದಿಂದ ನೋಡುವ ನಾವು ಇವೆರಡನ್ನೂ ಒಂದೇ ಎಂದು ಭಾವಿಸಿ ಅಚ್ಚರಿಪಡುತ್ತೇವೆ.

ಈಗಿರುವ ಒಕ್ಕೂಟದ ಕಾನೂನನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಪರವಾನಗಿ ಇರುವ ಅಂಗಡಿಯಲ್ಲಿ ಬಂದೂಕು ಕೊಳ್ಳುವವರು 4473 ಸಂಖ್ಯೆಯ ನಮೂನೆಯನ್ನು ತುಂಬಬೇಕು. 1993ರ ಬ್ರೇಡಿ ಕಾಯ್ದೆಯಿಂದ ಹುಟ್ಟಿ 1998ರಲ್ಲಿ ಆರಂಭವಾದ ವ್ಯವಸ್ಥೆಯ ಮೂಲಕ ಕೊಳ್ಳುವವರ ಅಪರಾಧ ದಾಖಲೆಗಳ ಪರಿಶೀಲನೆ ನಡೆಯುತ್ತದೆ, ಬಹಳ ಸಲ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಆದರೆ ಮೂರು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ಅಂಗಡಿಯವರು ಬಂದೂಕನ್ನು ಕೊಟ್ಟುಬಿಡಬಹುದು. 2015ರಲ್ಲಿ ಚಾರ್ಲ್‌ಸ್ಟನ್ ನಗರದ ಚರ್ಚಿನಲ್ಲಿ ಒಂಬತ್ತು ಮಂದಿಯನ್ನು ಕೊಂದವನಿಗೆ ಬಂದೂಕು ಸಿಕ್ಕಿದ್ದು ಹೀಗೆಯೇ. ಇನ್ನು ವ್ಯಾಪಾರಿಯಲ್ಲದ ವ್ಯಕ್ತಿ ತನ್ನ ಬಂದೂಕನ್ನು ಅದೇ ರಾಜ್ಯದ ಮತ್ತೊಬ್ಬರಿಗೆ ಮಾರಿದರೆ, ಆ ರಾಜ್ಯದ ಕಾನೂನು ಕೇಳದ ಹೊರತು ಈ ಪರಿಶೀಲನೆಯೇ ಇಲ್ಲ.

ಈ ಕಿಂಡಿಯನ್ನು ಮುಚ್ಚುವ ದೊಡ್ಡ ಪ್ರಯತ್ನ ನಡೆದದ್ದು 2013ರಲ್ಲಿ. ಅದಕ್ಕೆ ನಾಲ್ಕು ತಿಂಗಳ ಹಿಂದೆ, 2012ರ ಡಿಸೆಂಬರ್ 14ರಂದು, ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಮತ್ತು ಆರು ಮಂದಿ ಸಿಬ್ಬಂದಿ ಹತರಾಗಿದ್ದರು. ಡೆಮಾಕ್ರಟಿಕ್ ಪಕ್ಷದ ಜೋ ಮ್ಯಾಂಚಿನ್ ಮತ್ತು ರಿಪಬ್ಲಿಕನ್ ಪಕ್ಷದ ಪ್ಯಾಟ್ ಟೂಮಿ ಸೇರಿ ಮಂಡಿಸಿದ ತಿದ್ದುಪಡಿಗೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 54 ಮತಗಳು ಪರವಾಗಿ, 46 ಮತಗಳು ವಿರುದ್ಧವಾಗಿ ಬಿದ್ದವು. ಸೆನೆಟ್‌ನ ರೂಢಿಯಂತೆ ಗೆಲ್ಲಲು ಬರಿಯ ಬಹುಮತ ಸಾಲದು, 60 ಮತ ಬೇಕಿತ್ತು. ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಆರು ಲಕ್ಷ ತುಂಬದ ವಯೋಮಿಂಗ್‌ಗೂ ಸೆನೆಟ್‌ನಲ್ಲಿ ತಲಾ ಎರಡೇ ಸ್ಥಾನ. ಬಂದೂಕು ಮನೆಮನೆಯಲ್ಲಿರುವ, ಜನವಸತಿ ವಿರಳವಾದ ಹಲವು ರಾಜ್ಯಗಳಿಗೆ ಇದರಿಂದ ಜನಸಂಖ್ಯೆಗೆ ಮೀರಿದ ತೂಕ ಸಿಗುತ್ತದೆ. ಎಲ್ಲ ತಪ್ಪನ್ನೂ ಬಂದೂಕಿನ ಹಕ್ಕಿನ ಪರ ಹೋರಾಡುವ ರಾಷ್ಟ್ರೀಯ ರೈಫಲ್ ಸಂಘದ ಹಣಬಲದ ಮೇಲೆ ಹಾಕುವುದು ವಾಡಿಕೆಯಾಗಿದೆ. ಆ ಸಂಘ ಈಚೆಗೆ ಒಳಜಗಳ ಮತ್ತು ಮೊಕದ್ದಮೆಗಳಲ್ಲಿ ಸಾಕಷ್ಟು ಸೊರಗಿದೆ, ಅದರ ದೀರ್ಘಕಾಲದ ಮುಖ್ಯಸ್ಥ ವೇಯ್ನ್ ಲಾಪಿಯೆರ್ 2024ರಲ್ಲಿ ಹುದ್ದೆಯನ್ನೇ ಬಿಟ್ಟರು. ಆದರೂ ಸೆನೆಟ್‌ನ ಲೆಕ್ಕ ಬದಲಾಗಿಲ್ಲ. ನನ್ನ ದೃಷ್ಟಿಯಲ್ಲಿ ಹಣಕ್ಕಿಂತ ಬಲವಾದ ಕಾರಣ ಬಂದೂಕಿನ ಹಕ್ಕೊಂದನ್ನೇ ನೋಡಿ ಮತ ಹಾಕುವ, ತಮ್ಮ ಪ್ರತಿನಿಧಿಗೆ ಬಿಡದೆ ಫೋನ್ ಮಾಡುವ ಮತದಾರರು. ಸಮೀಕ್ಷೆಯಲ್ಲಿ ಪರಿಶೀಲನೆಗೆ ಹೂಂ ಎಂದವರಲ್ಲಿ ಹೆಚ್ಚಿನವರು ಮತಗಟ್ಟೆಯಲ್ಲಿ ಬೆಲೆಯೇರಿಕೆ, ತೆರಿಗೆ, ಆರೋಗ್ಯ ವಿಮೆ ಎಲ್ಲವನ್ನೂ ತೂಗಿ ನೋಡುತ್ತಾರೆ.

ಸಂಸತ್ತನ್ನು ದಾಟಿದ ಕಾನೂನು ನ್ಯಾಯಾಲಯದಲ್ಲೂ ಉಳಿಯಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕಿಗೆ ಪರವಾನಗಿ ಬೇಕು, ಚುನಾವಣೆ ಬಂತೆಂದರೆ ಬೆಳೆ ರಕ್ಷಣೆಯ ಕೋವಿಯನ್ನೂ ಠಾಣೆಗೆ ಒಪ್ಪಿಸುವುದು ರೂಢಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವುದು ಸರ್ಕಾರ ಆ ನಿಯಮದಿಂದ ಕೊಟ್ಟ ವಿನಾಯಿತಿ. ಅಮೆರಿಕದಲ್ಲಿ 1791ರಲ್ಲಿ ಜಾರಿಗೆ ಬಂದ ಎರಡನೇ ತಿದ್ದುಪಡಿಯಿಂದಾಗಿ ಬಂದೂಕು ಹೊಂದುವುದೇ ಸಂವಿಧಾನದ ಹಕ್ಕು. ಆತ್ಮರಕ್ಷಣೆಗಾಗಿ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ಪ್ರತಿ ವ್ಯಕ್ತಿಯ ಹಕ್ಕೆಂದು ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ 5–4ರ ಬಹುಮತದಿಂದ ಹೇಳಿತು. 2022ರ ಬ್ರೂಯೆನ್ ತೀರ್ಪು ಇನ್ನೂ ಮುಂದೆ ಹೋಗಿ, ಬಂದೂಕಿನ ಮೇಲಿನ ಯಾವುದೇ ನಿರ್ಬಂಧ ಆ ದೇಶದ ಐತಿಹಾಸಿಕ ಪರಂಪರೆಗೆ ಹೊಂದುವಂತಿರಬೇಕು ಎಂಬ ಮಾನದಂಡವನ್ನು ತಂದಿತು. ಇಂದಿನ ಜನರಿಗೆ ಏನು ಬೇಕು ಎಂಬ ಪ್ರಶ್ನೆಗೆ ಈ ಮಾನದಂಡದಲ್ಲಿ ಜಾಗವೇ ಇಲ್ಲ ಎಂಬುದು ನಿಜಕ್ಕೂ ಚಿಂತೆಯ ಸಂಗತಿ. ಹಾಗೆಂದು ಎಲ್ಲ ನಿರ್ಬಂಧಗಳೂ ಬಿದ್ದುಹೋಗಿಲ್ಲ: ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ನ್ಯಾಯಾಲಯದ ರಕ್ಷಣಾ ಆದೇಶಕ್ಕೆ ಒಳಗಾದವರು ಬಂದೂಕು ಹೊಂದುವಂತಿಲ್ಲ ಎಂಬ ಕಾನೂನನ್ನು ಅದೇ ಕೋರ್ಟ್ 2024ರಲ್ಲಿ 8–1ರಿಂದ ಎತ್ತಿಹಿಡಿಯಿತು. ಬ್ರೂಯೆನ್ ತೀರ್ಪು ಹೊರಬಿದ್ದ ದಿನವೇ ಸೆನೆಟ್, ಯುವಾಲ್ಡಿ ಶಾಲೆಯ ಹತ್ಯಾಕಾಂಡದ ಬೆನ್ನಲ್ಲೇ ಸಿದ್ಧವಾದ ಮಸೂದೆಯನ್ನು 65–33ರಿಂದ ಅಂಗೀಕರಿಸಿತ್ತು. 21 ವರ್ಷದೊಳಗಿನ ಖರೀದಿದಾರರ ಪರಿಶೀಲನೆ ಅದರಿಂದ ಬಿಗಿಯಾಯಿತು, ಎಲ್ಲ ಖಾಸಗಿ ಮಾರಾಟಕ್ಕೂ ಪರಿಶೀಲನೆ ಎಂಬ ಮಾತು ಮಾತ್ರ ಅದರಲ್ಲಿರಲಿಲ್ಲ.

ಜನಾಭಿಪ್ರಾಯ ನೇರವಾಗಿ ಕಾನೂನಾಗುವ ಅವಕಾಶವಿರುವುದು ಹೆಚ್ಚಾಗಿ ರಾಜ್ಯಗಳಲ್ಲಿ, ಅಲ್ಲಿಯೂ ಅದು ಸಲೀಸಲ್ಲ. ಬೇಟೆಯ ಸಂಪ್ರದಾಯ ಗಟ್ಟಿಯಾಗಿರುವ ಮೇನ್ ರಾಜ್ಯದಲ್ಲಿ ಖಾಸಗಿ ಮಾರಾಟಕ್ಕೂ ಪರಿಶೀಲನೆ ಬೇಕೇ ಎಂಬುದನ್ನು 2016ರಲ್ಲಿ ಜನರ ಮತಕ್ಕೇ ಹಾಕಲಾಯಿತು. ಗೆಳೆಯನಿಗೆ ಬೇಟೆಗೆಂದು ಬಂದೂಕು ಎರವಲು ಕೊಡಬೇಕಾದರೂ ಅಂಗಡಿಗೆ ಅಲೆಯಬೇಕಾದೀತು ಎಂದು ವಿರೋಧಿಗಳು ವಾದಿಸಿದರು, ಪ್ರಸ್ತಾವ ಸುಮಾರು ಶೇ 52ರಷ್ಟು ವಿರೋಧ ಮತಗಳಿಂದ ಬಿದ್ದುಹೋಯಿತು. ಸಮೀಕ್ಷೆಯವರ ಒಂದು ಸಾಲಿನ ಪ್ರಶ್ನೆಗೆ ಒಪ್ಪುವ ಜನ, ಹಲವು ಪುಟಗಳ ಕಾನೂನಿನಲ್ಲಿ ತಮ್ಮ ದಿನನಿತ್ಯದ ಬದುಕು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡುತ್ತಾರೆ.

2023ರ ಅಕ್ಟೋಬರ್ 25ರಂದು ಅದೇ ರಾಜ್ಯದ ಲೂಯಿಸ್ಟನ್‌ನಲ್ಲಿ ಸೇನೆಯ ಮೀಸಲು ಪಡೆಯವನೊಬ್ಬ 18 ಮಂದಿಯನ್ನು ಕೊಂದ. ಅವನ ಮನಃಸ್ಥಿತಿ ಹದಗೆಟ್ಟಿದೆ, ಅವನ ಬಳಿ ಬಂದೂಕುಗಳಿವೆ ಎಂದು ಮನೆಯವರೂ ಜೊತೆಗಾರರೂ ಮೊದಲೇ ಎಚ್ಚರಿಸಿದ್ದರು. ಆಗ ಅಲ್ಲಿದ್ದ ಕಾನೂನಿನಂತೆ ಪೊಲೀಸರು ವ್ಯಕ್ತಿಯನ್ನು ವಶಕ್ಕೆ ಪಡೆದು ವೈದ್ಯಕೀಯ ಪರೀಕ್ಷೆ ಮಾಡಿಸಿದ ಮೇಲಷ್ಟೇ ನ್ಯಾಯಾಲಯದ ಮೂಲಕ ಬಂದೂಕು ತೆಗೆದುಕೊಳ್ಳಲು ಸಾಧ್ಯವಿತ್ತು, ಅಷ್ಟನ್ನೂ ಯಾರೂ ಮಾಡಲಿಲ್ಲ. ಮರುವರ್ಷ ಶಾಸನಸಭೆ ಜಾಹೀರಾತು ಕೊಟ್ಟು ಮಾಡುವ ಮಾರಾಟಕ್ಕೆ ಪರಿಶೀಲನೆಯನ್ನೂ, ಖರೀದಿಯ ನಂತರ 72 ಗಂಟೆ ಕಾಯುವ ನಿಯಮವನ್ನೂ ತಂದಿತು. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು ಎಂಬುದನ್ನು ನೆನೆದರೆ, ಆ ಮೂರು ದಿನಗಳ ಬೆಲೆ ತಿಳಿಯುತ್ತದೆ. ಈ ಕಾಯುವ ನಿಯಮವೂ ಬೇಗನೆ ಕೋರ್ಟ್ ಮೆಟ್ಟಿಲೇರಿತು. ಅಪಾಯದ ಸೂಚನೆ ಕಂಡಾಗ ಕುಟುಂಬದವರೇ ನೇರವಾಗಿ ನ್ಯಾಯಾಲಯಕ್ಕೆ ಹೋಗಿ ಬಂದೂಕು ತೆಗೆಸಬಹುದೆಂಬ ಪ್ರಸ್ತಾವವನ್ನು, ಗವರ್ನರ್ ಜಾನೆಟ್ ಮಿಲ್ಸ್ ವಿರೋಧಿಸಿದರೂ, ಮೇನ್‌ನ ಮತದಾರರು 2025ರ ನವೆಂಬರ್‌ನಲ್ಲಿ ಸ್ಪಷ್ಟ ಬಹುಮತದಿಂದ ಒಪ್ಪಿಕೊಂಡರು.