ಇಡ್ಲಿ ಹಿಟ್ಟಿನಿಂದ ಗ್ಯಾಸ್ ಒಲೆಯವರೆಗೆ

ಮುಂಬೈನ ಮಾಟುಂಗಾದ ಕನ್ನಡ ಮಕ್ಕಳಿಗೆ ಭಾನುವಾರ ವಿಜ್ಞಾನ ಹೇಳಿಕೊಡುವಾಗ ಸೂಕ್ಷ್ಮಜೀವಿ ಮತ್ತು ಇಂಧನ ಎರಡನ್ನೂ ನಾನು ಒಂದೇ ಪಾಠವಾಗಿ ಮಾಡುತ್ತೇನೆ. ಸೂಕ್ಷ್ಮಜೀವಿ ಅಂದರೆ ರೋಗ, ಮುಗಿಯದ ಇಂಧನ ಅಂದರೆ ಸೋಲಾರ್ ಅಂತಷ್ಟೇ ಮಕ್ಕಳ ತಲೆಯಲ್ಲಿ ಕೂತಿರುತ್ತದೆ. ಅದನ್ನು ಬಿಡಿಸಲು ಮನೆಯ ಇಡ್ಲಿ ಹಿಟ್ಟು ಸಾಕು.

ಎರಡು ಪ್ಲಾಸ್ಟಿಕ್ ಬಾಟಲಿಗೆ ಆಗ ತಾನೇ ರುಬ್ಬಿದ, ಸ್ವಲ್ಪ ತೆಳ್ಳಗಿನ ಹಿಟ್ಟನ್ನು ಕಾಲು ಭಾಗ ಹಾಕಿ, ಬಾಯಿಗೆ ಬಲೂನು ಸಿಕ್ಕಿಸಿ. ಗಾಜಿನ ಬಾಟಲಿ ಬೇಡ. ಒಂದು ಅಡುಗೆ ಕಟ್ಟೆಯ ಮೇಲಿರಲಿ, ಇನ್ನೊಂದು ಫ್ರಿಜ್‌ನಲ್ಲಿ. ಏನಾಗಬಹುದು ಅಂತ ಮಕ್ಕಳು ಮೊದಲೇ ಬರೆದಿಡಬೇಕು. ಇದನ್ನು ಬಿಟ್ಟರೆ ಪ್ರಯೋಗ ಸುಮ್ನೆ ಆಟವಾಗುತ್ತದೆ.

ಬೆಳಿಗ್ಗೆ ಕಟ್ಟೆಯ ಮೇಲಿನ ಬಲೂನು ಎದ್ದು ನಿಂತಿರುತ್ತದೆ, ಫ್ರಿಜ್‌ನದ್ದು ಜೋತುಬಿದ್ದಿರುತ್ತದೆ. "ಹಿಟ್ಟಿನ ಸೂಕ್ಷ್ಮಜೀವಿಗಳು ಚಳಿಗೆ ಸತ್ತುಹೋದವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ಹೇಳಬೇಡಿ. ಆ ಬಾಟಲಿಯನ್ನೂ ಹೊರಗಿಟ್ಟು ಮಾರನೆಯ ದಿನ ನೋಡಲು ಬಿಡಿ. ಅವು ಬದುಕಿದ್ದವು, ಕೆಲಸ ನಿಧಾನವಾಗಿತ್ತು, ಅಷ್ಟೇ. ಹಿಟ್ಟು ಉಬ್ಬಿಸುವುದರಲ್ಲಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಪಾಲು ದೊಡ್ಡದು. ಅದು ಹೆಚ್ಚಾಗಿ ಉದ್ದಿನ ಬೇಳೆಯ ಜೊತೆಗೇ ಬರುತ್ತದೆ. ಬಲೂನಿನ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅಂದರೆ ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಇದೆ.

ಈ ಗ್ಯಾಸ್ ಉರಿಯುವುದಿಲ್ಲ. ಹಾಗಾದರೆ ಗೋಬರ್ ಗ್ಯಾಸ್ ಯಾಕೆ ಉರಿಯುತ್ತದೆ? ಪಾಠದ ತಿರುಳು ಇಲ್ಲಿದೆ. ಗಾಳಿಯೇ ಇಲ್ಲದ ತೊಟ್ಟಿಯಲ್ಲಿ ಒಂದು ಗುಂಪಿನ ಸೂಕ್ಷ್ಮಜೀವಿಗಳು ಸಗಣಿ, ಕಸವನ್ನು ಒಡೆಯುತ್ತವೆ. ಅವು ಬಿಟ್ಟದ್ದನ್ನು ಇನ್ನೊಂದು ಗುಂಪು ಮೀಥೇನ್ ಮಾಡುತ್ತದೆ. ಈ ಎರಡನೆಯವಕ್ಕೆ ಆಮ್ಲಜನಕ ತಗುಲಿದರೆ ಆಗದು. 1897ರಲ್ಲೇ ಇದೇ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದಿಂದ ಗ್ಯಾಸ್ ಮಾಡಿ ದೀಪ ಉರಿಸಿದ್ದರು. ಇದನ್ನು ಕೇಳಿದ ಮಕ್ಕಳು ಮೂಗು ಮುಚ್ಚಿ ನಗುತ್ತಾರೆ, ಆದರೆ ಮರೆಯುವುದಿಲ್ಲ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ 'ನಿಸರ್ಗಋಣ' ಬಯೋಗ್ಯಾಸ್ ಘಟಕಕ್ಕೆ ಅಡುಗೆಮನೆಯ ಕಸವೇ ಆಹಾರ. ಮೀಥೇನನ್ನು ಮಾತ್ರ ಮನೆಯಲ್ಲಿ ಬಾಟಲಿಯಲ್ಲಿ ಮಾಡಿ ಹಚ್ಚಲು ಹೋಗಬೇಡಿ. ಬೆಂಕಿಯ ಅಪಾಯ ನಿಜವಾದದ್ದು. ನಡೆಯುತ್ತಿರುವ ಘಟಕವನ್ನು ತೋರಿಸಿ.

ದೊಡ್ಡ ಮಕ್ಕಳಿಗೆ ಲೆಕ್ಕ ಕೊಡಿ. ಒಂದು ಘನ ಮೀಟರ್ ಬಯೋಗ್ಯಾಸ್ ಸುಮಾರು 0.45 ಕಿಲೋ ಅಡುಗೆ ಅನಿಲಕ್ಕೆ ಸಮ. ಹಾಗಾದರೆ 14.2 ಕಿಲೋ ಸಿಲಿಂಡರ್‌ಗೆ ಎಷ್ಟು ಬೇಕು? 30 ಘನ ಮೀಟರ್‌ಗೂ ಜಾಸ್ತಿ. ಒಂದು ಮನೆಯ ಸಿಪ್ಪೆ, ಮಿಕ್ಕ ಅನ್ನದಿಂದ ಇದು ಆಗುವ ಮಾತಲ್ಲ, ಇಡೀ ಸೊಸೈಟಿಯ ಹಸಿ ಕಸ ಸೇರಬೇಕು. ಹಾಗಾಗಿ ಹೋಮ್‌ವರ್ಕ್ ಇಷ್ಟೇ: ನಿಮ್ಮ ಕಟ್ಟಡದಿಂದ ದಿನಕ್ಕೆ ಎಷ್ಟು ಕಿಲೋ ಹಸಿ ಕಸ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಸೆಕ್ರೆಟರಿ ಅಂಕಲ್ ಹತ್ತಿರ ಕೇಳಿ ಬರೆದುಕೊಂಡು ಬನ್ನಿ.