ಮೇಲೆ ಹತ್ತುವ ಸೈನಿಕನ ಹಿಂದೆ: ರೆಜಾಂಗ್ ಲಾದಿಂದ ತೋಲೋಲಿಂಗ್‌ವರೆಗೆ

1962ರ ನವೆಂಬರ್ 18. ಲಡಾಖ್‌ನ ರೆಜಾಂಗ್ ಲಾದಲ್ಲಿ 13 ಕುಮಾವೂನ್ ಬೆಟಾಲಿಯನ್ನಿನ ಒಂದು ಕಂಪನಿ ಕಾವಲಿತ್ತು. ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಸುಮಾರು 120 ಜನ. ಹಿಂದೆ ಚುಶೂಲ್ ಕಡೆ ನಮ್ಮ ಫಿರಂಗಿಗಳಿದ್ದವು. ಆದರೆ ನಡುವೆ ಬೆಟ್ಟ. ಅಲ್ಲಿಂದ ಹಾರಿಸಿದ ಶೆಲ್ ಇವರ ಮುಂದೆ ಬೀಳುವಂತಿರಲಿಲ್ಲ. ಚೀನಾ ಜೊತೆಗಿನ ಆ ಯುದ್ಧದಲ್ಲಿ ವಾಯುಪಡೆ ಸಾಮಾನು ಸಾಗಿಸಿತು, ಗಾಯಾಳುಗಳನ್ನು ಹೊತ್ತು ತಂದಿತು. ಬಾಂಬ್ ಹಾಕುವ ವಿಮಾನಗಳಿಗೆ ಮಾತ್ರ ಅಪ್ಪಣೆ ಸಿಗಲೇ ಇಲ್ಲ. ಆ ಕಂಪನಿಯ 114 ಜನ ಪ್ರಾಣ ಬಿಟ್ಟರು.

ಕಾಲಾಳು ಬೆಟಾಲಿಯನ್ ಎಂದರೆ ಸುಮಾರು 800 ಜನ. ಅವರ ಕೈಯಲ್ಲೇ ಇರುವ ದೊಡ್ಡ ಆಯುಧ ಮಾರ್ಟರ್, ಅಂದರೆ ಶೆಲ್ ಅನ್ನು ಮೇಲಕ್ಕೆ ಹಾರಿಸಿ ಬೀಳಿಸುವ ಕೊಳವೆ. ಅದು ಕೆಲವೇ ಕಿಲೋಮೀಟರ್ ಎಸೆಯುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಬೇರೆಯವರನ್ನು ಕೇಳಬೇಕು. ಫಿರಂಗಿ ಆರ್ಟಿಲರಿ ರೆಜಿಮೆಂಟಿನದು, ವಿಮಾನ ವಾಯುಪಡೆಯದು. ಕೇಳಿದ್ದು ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದರ ಮೇಲೆ ಎಷ್ಟೋ ಮನೆಗಳ ಹಣೆಬರಹ ನಿಂತಿರುತ್ತದೆ.

1965ರಲ್ಲಿ ವಿಮಾನಗಳು ಬಂದವು. ಸೆಪ್ಟೆಂಬರ್ 1ರಂದು ಜಮ್ಮು ಕಡೆಯ ಛಾಂಬ್ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದಾಗ ವಾಯುಪಡೆಗೆ ಕರೆ ಹೋಯಿತು. ಹೊರಡುವಷ್ಟರಲ್ಲಿ ಸಂಜೆಯಾಗಿತ್ತು. ಮೊದಲು ಕಳಿಸಿದ್ದು ಹಳೆಯ ವ್ಯಾಂಪೈರ್ ಜೆಟ್‌ಗಳನ್ನು. ಅವತ್ತೇ ನಾಲ್ಕು ವಿಮಾನ ಕಳೆದುಕೊಂಡೆವು.

1971ರಲ್ಲಿ ರಾಜಸ್ಥಾನದ ಗಡಿ ಠಾಣೆ ಲೋಂಗೆವಾಲಾದ ಕಥೆ ಎಲ್ಲರಿಗೂ ಗೊತ್ತು. 23 ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ ಡಿಸೆಂಬರ್ 4ರ ರಾತ್ರಿಯಿಡೀ ಟ್ಯಾಂಕುಗಳನ್ನು ತಡೆದು ನಿಂತಿತು. ಜೈಸಲ್ಮೇರ್‌ನ ಹಂಟರ್ ವಿಮಾನಗಳು ರಾತ್ರಿ ದಾಳಿ ಮಾಡುವಂತಿರಲಿಲ್ಲ, ಬೆಳಕು ಹರಿಯುವವರೆಗೆ ಕಾಯಲೇಬೇಕಿತ್ತು. ಬೆಳಗ್ಗೆ ಮೇಜರ್ ಆತ್ಮಾ ಸಿಂಗ್ ಪುಟ್ಟ ಕೃಷಕ್ ವಿಮಾನದಲ್ಲಿ ಮೇಲೆ ಹಾರಿ, ಹಂಟರ್‌ಗಳಿಗೆ ಟ್ಯಾಂಕುಗಳ ಜಾಗ ಹೇಳುತ್ತಾ ಹೋದರು. ಆ ಕೃಷಕ್ ತಯಾರಾಗಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ವೇಗವಿಲ್ಲ, ಬಾಂಬಿಲ್ಲ, ಆದರೂ ಅದು ಮಾಡಿದ ಕೆಲಸ ದೊಡ್ಡದು. ನೋಡಿ ಹೇಳುವ ಕಣ್ಣಿಲ್ಲದೆ ವೇಗದ ವಿಮಾನ ಏನು ತಾನೇ ಮಾಡೀತು, ಅಲ್ವಾ?

ಮರಳುಗಾಡಿನಲ್ಲಿ ಟ್ಯಾಂಕ್ ಅಡಗುವುದು ಕಷ್ಟ. ಕಾರ್ಗಿಲ್ ಹಾಗಲ್ಲ.

1999ರ ಮೇ ತಿಂಗಳಲ್ಲಿ ಸೇನೆ ಕೇಳಿದ್ದು ದಾಳಿ ಹೆಲಿಕಾಪ್ಟರ್. ಅಷ್ಟು ಎತ್ತರದಲ್ಲಿ ಅವು ಕೆಲಸ ಮಾಡುವುದಿಲ್ಲ, ವಾಯುಬಲ ಬಳಸಲು ಸರ್ಕಾರದ ಒಪ್ಪಿಗೆಯೂ ಬೇಕು ಎಂದಿತು ವಾಯುಪಡೆ. ಎರಡೂ ಕಡೆ ವಾದ ನಡೆಯಿತು. ಆ ಹೊತ್ತಿಗಾಗಲೇ ಹುಡುಗರು ಬೋಳು ಬೆಟ್ಟ ಹತ್ತುತ್ತಿದ್ದರು. ಮೇ 26ಕ್ಕೆ ವಾಯುದಾಳಿ ಶುರುವಾಯಿತು, ನಿಯಂತ್ರಣ ರೇಖೆ ದಾಟಬಾರದು ಎಂಬ ಷರತ್ತಿನ ಮೇಲೆ. ಮೂರೇ ದಿನದಲ್ಲಿ ಒಂದು ಮಿಗ್-27, ಒಂದು ಮಿಗ್-21, ಒಂದು ಎಂಐ-17 ಹೆಲಿಕಾಪ್ಟರ್ ಹೋದವು. ಆಮೇಲೆ ಭುಜದ ಮೇಲಿಂದ ಹಾರಿಸುವ ಕ್ಷಿಪಣಿಗೆ ಸಿಗದಷ್ಟು ಎತ್ತರದಿಂದ ದಾಳಿ ಮಾಡಿದರು. ಅಷ್ಟು ಮೇಲಿಂದ ಬಂಡೆ ಸಂದಿಯ ಬಂಕರ್ ಕಾಣುವುದೇ ಕಷ್ಟ. ಲೇಸರ್ ಹಿಡಿದು ಸಾಗುವ ಬಾಂಬ್ ಹೊತ್ತ ಮಿರಾಜ್-2000 ಬಂದ ಮೇಲೆ ಗುರಿ ಸುಧಾರಿಸಿತು.

ಫಿರಂಗಿಗೂ ಬೆಟ್ಟ ಸುಲಭದ ಜಾಗವಲ್ಲ. ಅಲ್ಲಿ ಗಾಳಿ ತೆಳು, ಹಾಗಾಗಿ ಶೆಲ್ ಲೆಕ್ಕಕ್ಕಿಂತ ದೂರ ಹೋಗುತ್ತದೆ. ಚೂಪು ಶಿಖರದಲ್ಲಿ ಐವತ್ತು ಮೀಟರ್ ತಪ್ಪಿದರೆ ಆಚೆ ಕಣಿವೆಗೆ ಬಿತ್ತು. ಐವತ್ತು ಮೀಟರ್ ಈಚೆ ಬಿದ್ದರೆ ನಮ್ಮವರ ಮೇಲೆಯೇ. ಇದನ್ನು ತಿದ್ದುವವರು ಕಾಲಾಳುಗಳ ಜೊತೆಗೇ ಹತ್ತುವ ಆರ್ಟಿಲರಿ ಅಧಿಕಾರಿ. ಬೆನ್ನಿಗೆ ಬೆನ್ನು ಕೊಟ್ಟಂತೆ ಪಕ್ಕದಲ್ಲೊಂದು ವೈರ್‌ಲೆಸ್ ಸೆಟ್. ಶೆಲ್ ಬಿದ್ದ ಜಾಗ ನೋಡುವುದು, ಇಷ್ಟು ಎಡಕ್ಕೆ, ಇಷ್ಟು ಮುಂದಕ್ಕೆ ಎಂದು ಹೇಳುವುದು. ಗುಂಡು ಇವರಿಗೂ ತಾಗುತ್ತದೆ. ಕಾರ್ಗಿಲ್ ಎಂದಾಗ ಇವರ ನೆನಪು ನಮಗೆ ಬರುವುದು ಕಡಿಮೆ. ಇದು ನನಗೆ ಬೇಸರದ ವಿಷಯ.

ದ್ರಾಸ್ ಊರಿನ ಮೇಲಿನ ತೋಲೋಲಿಂಗ್ ಶಿಖರಕ್ಕೆ 18 ಗ್ರೆನೇಡಿಯರ್ಸ್ ಬೆಟಾಲಿಯನ್ ಸುಮಾರು ಮೂರು ವಾರ ಹೋರಾಡಿತು. ಮೇಜರ್ ರಾಜೇಶ್ ಅಧಿಕಾರಿ, ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಅಲ್ಲೇ ಹುತಾತ್ಮರಾದರು. ಆಮೇಲೆ ಬಂದದ್ದು 2 ರಾಜಪುತಾನಾ ರೈಫಲ್ಸ್. ಅದರ ಕಮಾಂಡಿಂಗ್ ಆಫೀಸರ್ ಎಂ.ಬಿ. ರವೀಂದ್ರನಾಥ್ ನಮ್ಮ ಕನ್ನಡಿಗರು. ಈ ಸಲ ನೂರಕ್ಕೂ ಹೆಚ್ಚು ತೋಪುಗಳನ್ನು ಒಂದೇ ಬೆಟ್ಟದ ಕಡೆ ತಿರುಗಿಸಿದರು. ಬೊಫೋರ್ಸ್ ತೋಪುಗಳು ಎದುರಿಗೆ ಕಾಣುವ ಬಂಕರಿಗೆ ನೇರ ಗುರಿಯಿಟ್ಟೂ ಹೊಡೆದವು. ಶೆಲ್ ಬೀಳುತ್ತಿರುವಾಗ ವೈರಿ ತಲೆ ಎತ್ತುವುದಿಲ್ಲ, ಆ ಹೊತ್ತಿನಲ್ಲೇ ಇವರು ಹತ್ತಬೇಕು. ಜೂನ್ 13ರ ಬೆಳಗಿನ ಹೊತ್ತಿಗೆ ತೋಲೋಲಿಂಗ್ ನೆತ್ತಿ ನಮ್ಮದಾಗಿತ್ತು.

ಇಡೀ ಯುದ್ಧದಲ್ಲಿ ಹಾರಿದ ಶೆಲ್, ಬಾಂಬ್, ರಾಕೆಟ್‌ಗಳು ಎರಡೂವರೆ ಲಕ್ಷಕ್ಕೂ ಹೆಚ್ಚು. ಟೈಗರ್ ಹಿಲ್ ಗೆದ್ದ ದಿನ ಒಂದಕ್ಕೇ ಸುಮಾರು 9,000. ಅಷ್ಟಾದರೂ ಕೊನೆಯ ನೂರು ಮೀಟರ್‌ಗೆ ತೋಪು ಸುಮ್ಮನಾಗಲೇಬೇಕಿತ್ತು. ಅಲ್ಲಿಂದ ಮುಂದೆ ಗ್ರೆನೇಡ್, ಬಯೊನೆಟ್, ಬರಿಗೈ. ಕಾರ್ಗಿಲ್‌ನಲ್ಲಿ ನಾವು ಕಳೆದುಕೊಂಡ 527 ಜನರಲ್ಲಿ ಎಷ್ಟೋ ಮಂದಿ ಬಿದ್ದದ್ದು ಈ ಕೊನೆಯ ಏರಿನಲ್ಲೇ.

ತೋಲೋಲಿಂಗ್ ಆದ ಮೇಲೆ ಗೆದ್ದ ಪಾಯಿಂಟ್ 5140 ಎಂಬ ಶಿಖರಕ್ಕೆ 2022ರಲ್ಲಿ ಹೊಸ ಹೆಸರಿಟ್ಟರು. ಈಗ ಅದು ಗನ್ ಹಿಲ್.